ಆಚೆ ಗುಡ್ಡದ ದನಿ

ಹೋದ ತಿಂಗಳು ಮೊಳಕಾಲ್ಮೂರು ಕಡೆ ಹೋಗಲು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ ನಿಂತಿದ್ದೆ. ಚಳಿ ಇತ್ತು. ಎಣ್ಣೆ ಮಿಲ್ಲಿನ ಕಡೆಯಿಂದ ಶೇಂಗಾ ಸಿಪ್ಪೆ ಸುಟ್ಟ ವಾಸನೆ ಬರುತ್ತಿತ್ತು. ತಲೆ ಎತ್ತಿ ನೋಡಿದರೆ ಹೊಗೆ ಮೇಲಕ್ಕೆ ಹೋಗುತ್ತಿರಲಿಲ್ಲ. ಕೊಳವೆಯಿಂದ ಹೊರಬಿದ್ದು ಸ್ವಲ್ಪ ಎದ್ದು, ಅಲ್ಲಿಗೇ ಸುಸ್ತಾದಂತೆ ಮಲಗಿ, ಮಾಳಿಗೆಗಳ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರಿಗೆ ಅದು ಬರೀ ಹೊಗೆ. ನನ್ನ ಕೈ ಮಾತ್ರ ತಾನಾಗಿ ಎದೆಯ ಹತ್ತಿರ ಹೋಯಿತು, ಅಲ್ಲಿ ವಾಕಿಟಾಕಿ ಸೆಟ್ಟು ಇನ್ನೂ ನೇತಾಡುತ್ತಿದೆಯೇನೋ ಅನ್ನುವ ಹಾಗೆ.

ಹೊಗೆ ಹೀಗೆ ಮಲಗಿದ್ದ ಒಂದು ಬೆಳಗ್ಗೆ ಜುಂಜಣ್ಣ ಸತ್ತ. ನನ್ನ ಅಕ್ಕನ ಗಂಡ ಪಾಲಯ್ಯ ಭಾವ ಬದುಕಿದರು, ಆದರೆ ಅವರ ಮಾತನ್ನು ಆಮೇಲೆ ಯಾರೂ ನಂಬಲಿಲ್ಲ. ಸತ್ತವನ ಬಗ್ಗೆ ನಮ್ಮ ಕಡೆ ಬೇಕಾದಷ್ಟು ಮಾತಾಗಿದೆ. ನಾನು ಬರೆಯುತ್ತಿರುವುದು ಬದುಕಿದವರ ಮಾತಿನ ಬಗ್ಗೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕರೆಂಟಿನ ದೊಡ್ಡ ಲೈನು ಎಳೆಯುವ ಗ್ಯಾಂಗಿಗೆ ಹಗ್ಗ ಹೊರಲು ಸೇರಿಕೊಂಡು, ಅದೇ ಕೆಲಸದಲ್ಲಿ ಮೇಸ್ತ್ರಿ ಆದೆ. ತಳಕಿನಿಂದ ದೇವಸಮುದ್ರದವರೆಗೆ ಎಲ್ಲಿ ನಿಂತು ನೋಡಿದರೂ ನಾನು ಹತ್ತಿ ಇಳಿದ ಒಂದು ಟವರಾದರೂ ಕಾಣುತ್ತದೆ. ನಾನು ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡದ್ದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ. ಮಳೆ ಬಿಸಿಲು ನೋಡದೆ ದುಡಿದದ್ದನ್ನು ಬಿಟ್ಟು ಹೇಳಿಕೊಳ್ಳಲು ನನಗೆ ಬೇರೆ ಏನೂ ಇಲ್ಲ.

ಆ ವರ್ಷ ಶೇಂಗಾ ಕಿತ್ತು ಹೊಲಗಳೆಲ್ಲ ಬೋಳಾದ ಮೇಲೆ ದೇವಸಮುದ್ರದ ಹತ್ತಿರ ಕೆಲಸ ಹಿಡಿದೆವು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳಿಂದ ಕರೆಂಟು ಒಯ್ಯುವ ಲೈನು. ಟವರುಗಳು ಎದ್ದು ನಿಂತಿದ್ದವು, ತಂತಿ ಎಳೆಯುವುದೊಂದು ಬಾಕಿ. ಈ ಕೆಲಸ ಕಾಣದವರಿಗೆ ಸ್ವಲ್ಪ ಹೇಳಬೇಕು. ಒಂದು ತುದಿಯಲ್ಲಿ ಎಳೆಯುವ ಮೆಷಿನ್, ನಾವು ವಿಂಚ್ ಅನ್ನುತ್ತೇವೆ. ಇನ್ನೊಂದು ತುದಿಯಲ್ಲಿ ತಂತಿಯ ಉರುಳೆಗಳು ಮತ್ತು ತಂತಿ ಜಗ್ಗದಂತೆ ಬಿಗಿಹಿಡಿಯುವ ಬ್ರೇಕ್ ಮೆಷಿನ್. ನಡುವೆ ಟವರುಗಳ ಸಾಲು, ಒಂದೊಂದರ ತೋಳಿನಲ್ಲೂ ಒಂದೊಂದು ರಾಟೆ. ಮೊದಲು ಉಕ್ಕಿನ ಹಗ್ಗ ರಾಟೆಗಳ ಮೇಲೆ ಓಡುತ್ತದೆ, ಅದರ ಹಿಂದೆ ತಂತಿ ಬರುತ್ತದೆ. ಹಗ್ಗ ತಂತಿ ಎರಡೂ ಕೂಡುವಲ್ಲಿ ಒಂದು ಕಬ್ಬಿಣದ ಜೋಡಣೆ ಇರುತ್ತದೆ. ಅದು ರಾಟೆ ದಾಟುವಾಗ ಟವರಿನ ಮೇಲೆ ಒಬ್ಬ ಕಣ್ಣಿಟ್ಟು ಕೂತಿರಬೇಕು. ಓರೆಯಾಗಿ ಸಿಕ್ಕಿಕೊಂಡರೆ ‘ಆಪು’ ಅನ್ನಬೇಕು, ಸರಿಮಾಡಿ ‘ಲಾಗು’ ಅನ್ನಬೇಕು. ಗಡಿ ಸೀಮೆಯ ಗ್ಯಾಂಗುಗಳಲ್ಲಿ ಕನ್ನಡದವನಿರಲಿ ತೆಲುಗಿನವನಿರಲಿ, ನಿಲ್ಲಿಸಲು ಆಪು, ಎಳೆಯಲು ಲಾಗು. ವಿಂಚಿನ ಮೇಲೆ ಕೂತವನಿಗೆ ಟವರು ಕಾಣುವುದಿಲ್ಲ, ಮಧ್ಯೆ ಬಂಡೆಗುಡ್ಡ. ಅವನಿಗೆ ಕಿವಿಯಲ್ಲಿ ಬಂದದ್ದೇ ಸತ್ಯ.

ವಿಂಚಿನ ಮೇಲೆ ಕೂರುತ್ತಿದ್ದದ್ದು ಪಾಲಯ್ಯ ಭಾವ. ಬೀಡಿ ಸಹ ಸೇದದ ಮನುಷ್ಯ. ಕುರಿ ಕಾಯುತ್ತಿದ್ದವರು ಮೆಷಿನ್ ಕಲಿತದ್ದು ನಡುವಯಸ್ಸಿನಲ್ಲಿ, ಆದರೆ ಹಿಡಿಕೆಯ ಮೇಲೆ ಅವರ ಕೈ ಇದ್ದರೆ ಟವರಿನ ಮೇಲಿನವರು ನಿಶ್ಚಿಂತೆಯಿಂದ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಗ್ಯಾಂಗಿನವರೆಲ್ಲರಿಗೂ ಅವರು ‘ಅಣ್ಣ’. ನನಗೊಬ್ಬನಿಗೆ ಭಾವ. ಟವರಿನ ಮೇಲೆ ಜುಂಜಣ್ಣ, ಹತ್ತಿರದ ಹಟ್ಟಿಯ ಕುರಿಗಾಹಿ ಕ್ಯಾತಣ್ಣನ ಮಗ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಟವರನ್ನು ಹುಣಸೆಮರ ಹತ್ತುವಂತೆ ಹತ್ತುತ್ತಿದ್ದ. ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಮಾತು ಗುಡ್ಡ ದಾಟಲಿ ಎಂದು ಗುಡ್ಡದ ನೆತ್ತಿಯಲ್ಲಿ ಒಂದು ರಿಪೀಟರ್ ಇಟ್ಟಿದ್ದರು. ಒಂದು ಪೆಟ್ಟಿಗೆ, ಒಂದು ಸೋಲಾರ್ ಹಲಗೆ, ಬ್ಯಾಟರಿ, ಎತ್ತರದ ಕಂಬ. ನಮ್ಮ ಕೈಯ ಸೆಟ್ಟು ಮೆಲ್ಲಗೆ ಆಡಿದ್ದನ್ನು ಆ ಪೆಟ್ಟಿಗೆ ಕೇಳಿಸಿಕೊಂಡು, ಅದೇ ಕ್ಷಣ ಜೋರಾಗಿ ಎರಡೂ ಮಗ್ಗುಲಿಗೆ ಸಾರುತ್ತಿತ್ತು. ಮಾತು ಮುಗಿಸಿ ಗುಂಡಿ ಬಿಟ್ಟ ಮೇಲೆ ಸೆಟ್ಟಿನಲ್ಲಿ ‘ಖರ್’ ಎಂದು ಒಂದು ಸಣ್ಣ ಸದ್ದು ಬರುತ್ತಿತ್ತು. ಅದನ್ನು ನಾವು ಬಾಲ ಅನ್ನುತ್ತಿದ್ದೆವು. ನಮ್ಮ ಗುಡ್ಡದ ಬಾಲ ಮೊಟಕು.

ಚಳಿ ಬಲಿತ ಮೇಲೆ ಒಂದು ಬೆಳಗ್ಗೆ ಸೆಟ್ಟಿನಲ್ಲಿ ಯಾರೋ, “ಏಮಿ ಕೂರ ಈರೋಜು?” ಎಂದು ಕೇಳಿದ. ಇವತ್ತು ಏನು ಪಲ್ಯ ಅಂತ. ನಮ್ಮವನ ದನಿ ಅಲ್ಲ. ಕೊನೆಯಲ್ಲಿ ಬಂದ ಬಾಲವೂ ನಮ್ಮದಲ್ಲ, ಉದ್ದ ಎಳೆಯಿತು.

ಜುಂಜಣ್ಣ ಟವರಿನ ಮೇಲಿಂದಲೇ ಗುಂಡಿ ಒತ್ತಿದ. “ನಮ್ದು ದಿನಾ ಹುರುಳಿ ಸಾರೇ ಕಣಪ್ಪ. ನಿಮ್ದು ಚೆನ್ನಾಗಿದ್ರೆ ಹೇಳು, ಅಲ್ಲಿಗೇ ಬರ್ತೀವಿ.”

“ಎವರ್ರಾ ನುವ್ವು?” ಎಂದಿತು ಆ ಕಡೆಯ ದನಿ, ಯಾರೋ ನೀನು ಅಂತ.

“ನಿಮ್ಮ ಮಾವ ಕಣಲೇ. ಹೆಣ್ಣು ಕೊಟ್ಟಿದ್ದು ಮರ್ತೆಯಾ?”

ಲೈನಿನುದ್ದಕ್ಕೂ ನಕ್ಕರು. ಆಮೇಲೆ ಅದೊಂದು ಆಟವೇ ಆಯಿತು. ಬೆಳಗಿನ ಚಳಿಯಲ್ಲಿ ಆಚೆಯವರು ಬಂದರೆ ಜುಂಜಣ್ಣನಿಗೆ ಹಬ್ಬ. ಬಿಸಿಲೇರಿ ಹೊಗೆ ಮೇಲೆದ್ದ ಕೂಡಲೇ ಅವರು ಮಾಯ. ಅವರೂ ನಮ್ಮಂಥದ್ದೇ ಇನ್ನೊಂದು ಲೈನಿನ ಗ್ಯಾಂಗಿನವರು, ರಾಯದುರ್ಗದ ಕಡೆಯ ಗುಡ್ಡದಲ್ಲಿ ಅವರದೂ ಒಂದು ರಿಪೀಟರ್ ಇದೆ ಎಂದು ಆಮೇಲೆ ತಿಳಿಯಿತು.

ತಿಳಿಸಿದವನು ಖಾದರ್. ಚಳ್ಳಕೆರೆಯವನು, ಅವನ ತಂದೆಯ ಕಾಲದಿಂದ ರೇಡಿಯೋ ರಿಪೇರಿ. ಸೆಟ್ಟು ಮಾರಿದ ಡೀಲರಿನ ಪರವಾಗಿ ಎರಡೂ ಕಡೆ ನೋಡಿಕೊಳ್ಳುತ್ತಿದ್ದ. ಬ್ಯಾಟರಿ ಬದಲಿಸಲು ಬಂದವನು ಗುಡ್ಡ ಇಳಿದು ನಮ್ಮ ಶೆಡ್ಡಿನ ಮುಂದೆ ಕೂತು ಹೇಳಿದ.

“ನಿಮ್ಮ ಗುಡ್ಡಕ್ಕೂ ಆಚೆ ಗುಡ್ಡಕ್ಕೂ ಒಂದೇ ದಾರಿ ಕೊಟ್ಟವರೆ ಭಾಯ್. ಮಾತು ಹತ್ತೋ ದಾರೀನೂ ಒಂದೇ, ಇಳಿಯೋ ದಾರೀನೂ ಒಂದೇ. ಅಷ್ಟು ದೂರ ಐತಲ್ಲ, ಒಂದಕ್ಕೊಂದು ತಾಗಲ್ಲ ಅಂದ್ಕೊಂಡವರೆ. ಬಿಸಿಲಲ್ಲಿ ತಾಗಲ್ಲ, ನಿಜ. ಚಳೀಲಿ ಹೊಗೆ ನೋಡಿದ್ದೀರಲ್ಲ, ಮೇಲೆ ಹೋಗ್ದೆ ಹಾಸ್ಕೊಳ್ತದೆ. ಗಾಳಿ ಹಂಗೆ ಪದರ ಕಟ್ಟಿದಾಗ ಸಿಗ್ನಲ್ಲೂ ಮೇಲೆ ಹೋಗಲ್ಲ. ನೆಲದ ಗುಂಟ ಬಾಗಿ ಎಲ್ಲೆಲ್ಲಿಗೋ ಹೋಗ್ತದೆ.”

“ಎರಡು ಕಡೆ ಮಾತೂ ಒಟ್ಟಿಗೆ ಬಂದ್ರೆ?” ಭಾವ ಕೇಳಿದರು.

“ಎರಡೂ ಒಂದೇ ಜೋರಿದ್ರೆ ಕೀ ಅಂತ ಕಿರುಚ್ತದೆ. ಒಂದು ಜೋರಿದ್ರೆ ಅದೊಂದೇ ಕೇಳ್ತದೆ ಅಣ್ಣ. ಇನ್ನೊಬ್ಬ ಬಾಯೇ ತೆಗೆದಿಲ್ಲ ಅನ್ನಂಗೆ.”

ಭಾವ ಸ್ವಲ್ಪ ಯೋಚಿಸಿದರು. “ಒಂದು ಕೆರೆಗೆ ಎರಡು ಹಿಂಡು ಇಳಿದಂಗೆ. ಆದ್ರೆ ಕುರಿ ತನ್ನ ಒಡೆಯನ ಕೂಗು ಹಿಡ್ದು ಬತ್ತೈತಪ್ಪ. ಬೇರೆಯವನ ಕೂಗಿಗೆ ತಲೆ ಎತ್ತಲ್ಲ.”

“ಸೆಟ್ಟಿಗೂ ಹಂಗೆ ಒಂದು ಕೂಗು ಇಡಬೌದು. ಟೋನ್ ಅಂತೀವಿ. ಅದೂ ಎರಡು ಕಡೆಗೆ ಒಂದೇ ಇಟ್ಟವರೆ. ಬೇರೆ ಮಾಡಿದ್ರೆ ಅವರ ಮಾತು ಕೇಳ್ಸಲ್ಲ. ಆದ್ರೆ ಅಷ್ಟಕ್ಕೇ ಬಿಟ್ರೆ ಅವರು ದಾರೀಲಿ ಅಡ್ಡ ನಿಂತೇ ಇರ್ತಾರೆ, ನಿಮ್ಮ ಮಾತೂ ದಾಟಲ್ಲ. ಕೂಗೂ ಬೇರೆ ಬೇಕು, ಕೆರೆಗೆ ಇಳಿಯೋ ದಾರೀನೂ ಬೇರೆ ಬೇಕು. ಎರಡು ಗುಡ್ಡದಲ್ಲೂ ಜೋರು ತಗ್ಗಿಸ್ಬೇಕು, ಅವರ ಕಂಬದ ಮುಖ ಅವರ ಕಡೆಗೇ ತಿರುಗಿಸ್ಬೇಕು. ಅದಕ್ಕೆ ಪರ್ಮಿಷನ್ ಬರ್ಬೇಕು. ನಿಮ್ಮ ಸೆಟ್ಟೆಲ್ಲ ಒಂದಿಡೀ ದಿನ ನನ್ನ ಮುಂದೆ ಇರ್ಬೇಕು.”

ಆ ಒಂದು ದಿನವನ್ನು ಸೈಟ್ ಇಂಜಿನಿಯರ್ ಕೊಡಲಿಲ್ಲ. ನಾನೇ ಹೋಗಿ ಕೇಳಿದೆ. “ಈ ಸೆಕ್ಷನ್ ಮುಗಿಲಿ ಮೇಸ್ತ್ರಿ, ಆಮೇಲೆ ನೋಡೋಣ” ಎಂದರು. ಖಾದರ್ ಹೊರಡುವ ಮೊದಲು ಒಂದು ಮಾತು ಹೇಳಿ ಹೋದ. ಅಲ್ಲಿಯವರೆಗೆ ಬರೀ ಆಪು, ಲಾಗು ಅನ್ನಬೇಡಿ, ಮೊದಲು ಹೆಸರು ಹಿಡಿದು ಕರೆದು ಆಮೇಲೆ ಹೇಳಿ, ಹೆಸರು ಬರದಿದ್ದರೆ ಕೈ ಅಲ್ಲಾಡಿಸಬೇಡಿ.

ಕೇಳುವುದಕ್ಕೆ ಎಷ್ಟು ಸಣ್ಣ ವಿಷಯ. ಆದರೆ ನಮ್ಮ ಕಡೆ ವಯಸ್ಸಿನಲ್ಲಿ ದೊಡ್ಡವರ ಹೆಸರು ಹಿಡಿದು ಕರೆಯುವುದೆಂದರೆ ಮುಖಕ್ಕೆ ಕೈ ತೋರಿಸಿದ ಹಾಗೆ. ಅಪ್ಪನ ಓರಗೆಯವನನ್ನು ಹೆಸರಿಂದ ಕರೆದ ಮಗ ಅಂದರೆ ಹಟ್ಟಿಯಲ್ಲಿ ಅವನ ಅವ್ವನನ್ನು ಬೈಯುತ್ತಾರೆ. ಮಾರನೆಯ ದಿನ ಜುಂಜಣ್ಣ ಖಾದರ್ ಹೇಳಿದಂತೆಯೇ, “ಪಾಲಯ್ಯ, ಆಪು. ಪಾಲಯ್ಯ, ಲಾಗು” ಎಂದು ದಿನವೆಲ್ಲ ಕೂಗಿದ. ಲೈನಿನವರೆಲ್ಲ ಕಿಸಿಕಿಸಿ ನಕ್ಕರು. ಒಬ್ಬ ಬೇಕೆಂದೇ ಗುಂಡಿ ಒತ್ತಿ, “ಲೇ ಪಾಲಯ್ಯಾ, ಉಂಡೆಯಾ?” ಎಂದ.

ಸಂಜೆ ಶೆಡ್ಡಿನಲ್ಲಿ ಭಾವನ ಮುಖ ಕಪ್ಪಿಟ್ಟಿತ್ತು. “ಏನಲೇ ಜುಂಜ, ನಿಮ್ಮಪ್ಪನ ಜತೆ ಕುರಿ ಕಾದೋನು ನಾನು. ನಿನ್ನ ಬಾಯಿಗೆ ನನ್ನ ಹೆಸರು ಹೆಂಗೆ ಬಂತು?”

“ಖಾದರಣ್ಣ ಹೇಳಿದ್ದು ಅಣ್ಣ.”

“ಖಾದರ್ ಹೇಳ್ದ ಅಂತ ನಾಳೆ ನಿಮ್ಮಪ್ಪನ್ನ ಕ್ಯಾತ ಅಂತೀಯಾ?”

“ನಮ್ಮಪ್ಪ ವಿಂಚಿನ ಮೇಲೆ ಕೂತ್ರೆ ಅಂತೀನಿ” ಎಂದು ಜುಂಜಣ್ಣ ನಕ್ಕ. ಭಾವ ನಗಲಿಲ್ಲ. ಮಾರನೆಯ ಬೆಳಗ್ಗೆಯಿಂದ ಮತ್ತೆ ಎಲ್ಲರೂ, “ಆಪು ಅಣ್ಣಾ, ಲಾಗು ಅಣ್ಣಾ.” ಆಚೆ ಗುಡ್ಡದವರೂ ಹಾಗೆಯೇ ಕೂಗುತ್ತಿದ್ದರು. ಅವರ ವಿಂಚಿನ ಮೇಲೂ ಒಬ್ಬ ಅಣ್ಣ ಇದ್ದ.

ಆ ದಿನ ಬೆಳಗ್ಗೆ ದೇವಸಮುದ್ರದ ಒಲೆಗಳ ಹೊಗೆ ಊರು ಬಿಟ್ಟು ಮೇಲೇಳಲಿಲ್ಲ. ಬೇಲಿಯ ಬಳ್ಳಾರಿ ಜಾಲಿಯ ಮೇಲೆ ಇಬ್ಬನಿ ಇತ್ತು. ಉಕ್ಕಿನ ಹಗ್ಗ ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಗುಡ್ಡದ ಈಚೆ ಮೂಲೆಯ ಟವರಿನಲ್ಲಿ ಜೋಡಣೆ ರಾಟೆಗೆ ಸಿಕ್ಕಿ ಓರೆಯಾಯಿತು. ಜುಂಜಣ್ಣ “ಆಪು ಅಣ್ಣಾ” ಎಂದ. ಹಗ್ಗ ನಿಂತಿತು. ಅವನು ಬೆಲ್ಟು ಬಿಗಿದುಕೊಂಡು ತೋಳಿನ ತುದಿಗೆ ಸರಿದ. ಕಬ್ಬಿಣದ ಸಲಾಕೆ ಕೊಟ್ಟು ಜೋಡಣೆಯನ್ನು ಮೀಟತೊಡಗಿದ. ನಾನು ಟವರಿನ ಬುಡದಲ್ಲಿದ್ದೆ. ಹಗ್ಗ ತುಂಬಾ ಬಿಗಿಯಾಗಿತ್ತು, ಮೀಟಲು ಹೊತ್ತು ಹಿಡಿಯುತ್ತಿತ್ತು. ಭಾವ ಅವಸರ ಮಾಡದಿರಲಿ ಎಂದು ನಾನು ಗುಂಡಿ ಒತ್ತಿ, “ತಡೀರಿ ಭಾವ, ಜುಂಜ ಇನ್ನೂ ತೋಳಿನ ಮೇಲವನೆ. ತಡೀರಿ” ಎಂದೆ.

ಗುಂಡಿ ಒತ್ತಿದ್ದಾಗ ನಮ್ಮ ಸೆಟ್ಟಿಗೆ ಬೇರೆ ಮಾತು ಕೇಳುವುದಿಲ್ಲ. ಬೆರಳು ಎತ್ತುವ ಮೊದಲೇ ಹಗ್ಗ ಮಿಡಿಯಿತು. ಜೋಡಣೆ ರಾಟೆಯಿಂದ ಸಿಡಿಯಿತು. ಮೇಲಿಂದ ಮೊದಲು ಬಿದ್ದದ್ದು ಸಲಾಕೆ. ಜುಂಜಣ್ಣ ಬೀಳಲಿಲ್ಲ, ಬೆಲ್ಟು ಹಿಡಿದುಕೊಂಡಿತ್ತು. ತೋಳಿನಿಂದ ತಲೆ ಕೆಳಗಾಗಿ ನೇತಾಡುತ್ತಿದ್ದ. ನಾನು ಹತ್ತಿ ಅವನನ್ನು ಹೆಗಲಿಗೆ ಹಾಕಿಕೊಂಡಾಗ ಎದೆ ಒಳಕ್ಕೆ ಹೋಗಿತ್ತು. ಬಾಯಲ್ಲಿ ಅಡಿಕೆ ಹೋಳು ಹಾಗೆಯೇ ಇತ್ತು. ಮೊಳಕಾಲ್ಮೂರು ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ.

ಅಂದು ಮಧ್ಯಾಹ್ನ ಶೆಡ್ಡಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಬ್ರೇಕ್ ಮೆಷಿನ್ನಿನವನು ‘ತಡೀರಿ’ ಅಂತ ಕೇಳಿಸಿತು ಎಂದ. ನಡುವಿನ ಟವರುಗಳವರೂ ‘ತಡೀರಿ’ ಎಂದರು. ನನ್ನ ಸರದಿ ಬಂತು. ನಾನು ಏನು ಹೇಳಿದ್ದೆನೋ ಅದನ್ನೇ ಹೇಳಿದೆ. ಬೇರೆ ಏನು ಹೇಳಲಿ?

ಇಂಜಿನಿಯರ್ ಭಾವನ ಕಡೆ ತಿರುಗಿದರು. “ನಿನ್ನ ಬಾಮೈದನೇ ತಡಿ ಅಂದಿದಾನೆ. ಎಲ್ಲರಿಗೂ ಕೇಳಿಸಿದೆ. ನೀನು ಯಾಕೆ ಎಳೆದೆ?”

“ಲಾಗು ಅಣ್ಣಾ ಅಂತ ಬಂತು ಸಾರ್.”

“ನಿನಗೊಬ್ಬನಿಗೇ?”

“ನನಗೆ ಬಂತು.”

“ಬೆಳಗ್ಗೆ ಏನು ಕುಡಿದಿದ್ದೆ?”

“ಕಾಫಿ ಸಾರ್” ಎಂದರು ಭಾವ. ಯಾರೋ ಹಿಂದಿನಿಂದ ಸಣ್ಣಗೆ ನಕ್ಕರು. ಆ ನಗು ಇಂದಿಗೂ ನನ್ನ ಬೆನ್ನ ಹಿಂದೆ ಇದೆ.

ಸಂಜೆ ನನ್ನೊಬ್ಬನ ಹತ್ತಿರ ಭಾವ ಹೇಳಿದರು. “ಲಾಗು ಅಂದ್ಮೇಲೆ ಬಾಲ ಬಂತಲ್ಲೋ, ಅದು ಉದ್ದ ಎಳೀತು. ನಮ್ದಲ್ಲ ಅಂತ ಆಗ ಗೊತ್ತಾತು. ಅಷ್ಟರಾಗೆ ಕೈ ಹೋಗಿತ್ತು.” ತಮ್ಮ ಬಲಗೈಯನ್ನು ನೋಡಿಕೊಂಡರು, ಯಾರದೋ ಕೈ ನೋಡುವ ಹಾಗೆ.

ಖಾದರ್ ಬಂದು ಕಲ್ಲಿನ ಮೇಲೆ ಕೂತು ಅತ್ತ. ಆಮೇಲೆ ಬಿಡಿಸಿ ಹೇಳಿದ. ಭಾವನ ವಿಂಚು ಗುಡ್ಡದ ಆಚೆ ಬಯಲಲ್ಲಿತ್ತು, ಅಲ್ಲಿಗೆ ಆಚೆ ಗುಡ್ಡ ನೇರ ಕಾಣುತ್ತದೆ, ನಮ್ಮ ಗುಡ್ಡದ ಕಂಬ ಬಂಡೆಯ ಮರೆಗೆ ಬೀಳುತ್ತದೆ. ಹೊಗೆ ಮಲಗಿದ ಬೆಳಗ್ಗೆ ಅಲ್ಲಿ ಅವರದೇ ಜೋರು. ಉಳಿದವರಿಗೆಲ್ಲ ನಮ್ಮದು ಜೋರು. ಅದಕ್ಕೇ ಎಲ್ಲರಿಗೂ ತಡಿ, ಅವರೊಬ್ಬರಿಗೆ ಲಾಗು. ಖಾದರ್ ಇದನ್ನು ಇಂಜಿನಿಯರಿಗೂ ಹೇಳಿದ. “ಇರಬಹುದು. ಕೇಳಿಸಿ ತೋರಿಸು” ಎಂದರು. ಮೇಲಿನ ಆಫೀಸಿನಿಂದ ವಿಚಾರಣೆಗೆ ಸಾಹೇಬರು ಬರುವವರಿದ್ದರು, ಅಷ್ಟರೊಳಗೆ ತೋರಿಸಬೇಕು.

ಜುಂಜಣ್ಣನನ್ನು ಮಣ್ಣು ಮಾಡಿದ ಮೇಲೆ ಭಾವ ಹಟ್ಟಿಗೆ ಹೋದರು. ನಾನೂ ಜತೆಗಿದ್ದೆ. ಕ್ಯಾತಣ್ಣ ಕುರಿರೊಪ್ಪದ ಬಾಗಿಲಲ್ಲಿ ಕೂತಿದ್ದ. ಸೊಸೆ ಒಳಗಿದ್ದಳು. ಯಾರೂ ಕೂರಿ ಅನ್ನಲಿಲ್ಲ.

“ಒಂದೇ ಮಾತು ಕೇಳ್ತೀನಿ ಪಾಲಯ್ಯ” ಎಂದ ಕ್ಯಾತಣ್ಣ. “ನನ್ನ ಮಗ ನಿನಗೆ ಲಾಗು ಅಂದ್ನಾ?”

“ಇಲ್ಲ.”

“ಮತ್ತೆ ಯಾರಂದ್ರು?”

“ಯಾರೋ ಅಂದ್ರು ಕ್ಯಾತಣ್ಣ. ನನಗೆ ಕೇಳ್ತು.”

“ಯಾರೋ ಅಂದ್ರು ಅಂತ ನನ್ನ ಮಗ ಹೋದ” ಎಂದು ಕ್ಯಾತಣ್ಣ ಎದ್ದು ರೊಪ್ಪದೊಳಗೆ ಹೋದ. ಮನೆಯ ಹತ್ತಿರ ಬಂದಾಗ ಭಾವ, “ಅವನಿಗೆ ಒಂದು ಸಾರಿ ಕೇಳಿಸ್ಬೇಕು ಕಣೋ. ಸಾಹೇಬ್ರು ಹಾಳಾಗ್ಲಿ. ಕ್ಯಾತಣ್ಣಗೆ ಕೇಳಿಸ್ಬೇಕು” ಎಂದರು.

ನಾನು ಎರಡು ಸೆಟ್ಟು, ನನ್ನ ಮೊಬೈಲು ಇಟ್ಟುಕೊಂಡು ಬೆಳಗಾಗುವ ಮೊದಲೇ ವಿಂಚಿನ ಹತ್ತಿರ ಹೋಗಿ ಕೂರತೊಡಗಿದೆ. ಆಚೆಯವರ ಒಂದು ಮಾತು ಬಂದರೆ ಸಾಕು, ಮೊಬೈಲಿನಲ್ಲಿ ಹಿಡಿದಿಡುತ್ತೇನೆ. ಆದರೆ ಆ ದಿನಗಳಲ್ಲಿ ಸಮುದ್ರದ ಕಡೆ ಎಲ್ಲೋ ಚಂಡಮಾರುತವೆಂದು ನಮ್ಮ ಮೇಲೆ ಮೋಡ ಕವಿದುಕೊಂಡಿತು. ಹನಿ ಬೀಳಲಿಲ್ಲ, ಬಿಸಿಲೂ ಬರಲಿಲ್ಲ. ರಾತ್ರಿಯ ಚಳಿ ಹೋಯಿತು. ಬೆಳಗ್ಗೆ ಊರಿನ ಹೊಗೆ ನೇರ ಮೇಲಕ್ಕೆ ಹೋಗುತ್ತಿತ್ತು. ಸೆಟ್ಟು ಸತ್ತ ಹಾಗೆ ಸುಮ್ಮನೆ. ಇಂಜಿನಿಯರ್ ಒಮ್ಮೆ ಜೀಪು ನಿಲ್ಲಿಸಿ ಕೇಳಿಸಿಕೊಂಡು, “ಎಲ್ಲಿ ಮೇಸ್ತ್ರಿ ನಿನ್ನ ತೆಲುಗಿನವರು?” ಎಂದು ಹೋದರು.

ನಾನು ಬೈಕಿನಲ್ಲಿ ಆಚೆ ಗ್ಯಾಂಗಿನ ಬಿಡಾರಕ್ಕೂ ಹೋದೆ. ತಗಡಿನ ಶೆಡ್ಡುಗಳು, ಹೊರಗೆ ಒಣಹಾಕಿದ ಬಟ್ಟೆ, ನಮ್ಮದರ ಹಾಗೆಯೇ. ಜುಂಜಣ್ಣನನ್ನು ಮಾತಾಡಿಸುತ್ತಿದ್ದ ದನಿಯನ್ನು ನಾನು ಗುರುತು ಹಿಡಿದೆ. ತೆಳ್ಳಗಿನ ಮನುಷ್ಯ, ಅನ್ನ ಬಸಿಯುತ್ತಿದ್ದ. ವಿಷಯ ಹೇಳಿದೆ. ಅವನು ಗಂಜಿಯ ಪಾತ್ರೆ ಕೆಳಗಿಟ್ಟ.

“ಆ ಹುರುಳಿ ಸಾರಿನೋನಾ?” ಎಂದ.

“ಹೂಂ.”

“ಅಯ್ಯೋ” ಎಂದ. “ನಾವು ದಿನಕ್ಕೆ ಎಷ್ಟು ಸಲ ಲಾಗು ಅಂತೀವೋ ಅಣ್ಣಾ. ಯಾವುದು ನಿಮಗೆ ಬಂತು ಅಂತ ಹೆಂಗೆ ಹೇಳ್ಲಿ?”

“ಆ ಹೊತ್ತಿಗೆ ನೀವು ಎಳೀತಿದ್ರಿ ಅಂತ ನಮ್ಮ ಸಾಹೇಬ್ರ ಮುಂದೆ ಹೇಳ್ತೀಯಾ?”

ಅವನು ತಮ್ಮ ಮೇಸ್ತ್ರಿಯ ಶೆಡ್ಡಿನ ಕಡೆ ನೋಡಿದ. “ಇಲ್ಲಿ ಕೆಲಸ ಇರಲ್ಲಣ್ಣಾ ನನಗೆ” ಎಂದ. ಊಟ ಮಾಡಿ ಹೋಗಿ ಅಂದ. ನಾನು ಬೈಕು ಹತ್ತಿದೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಕೆಲಸ ಮತ್ತೆ ಶುರುವಾಯಿತು. ವಿಂಚಿನ ಮೇಲೆ ಬೇರೆಯವನು. ಟವರಿನ ಮೇಲೆ ಜುಂಜಣ್ಣನ ಜಾಗದಲ್ಲಿ ಪರಶುರಾಂಪುರದವನೊಬ್ಬ. ಒಂದು ಮಧ್ಯಾಹ್ನ ಮೋಡ ಒಡೆದು ಪಡುವಣದಲ್ಲಿ ನೀಲಿ ಕಂಡಿತು. ಗಾಳಿ ನಿಂತಿತು. ಇವತ್ತು ರಾತ್ರಿ ಚಳಿ ಇಳಿಯುತ್ತದೆ, ನಾಳೆ ಹೊಗೆ ಮಲಗುತ್ತದೆ ಎಂದು ನನಗೆ ಮೈಮೇಲಿನ ಕೂದಲಿಂದಲೇ ತಿಳಿಯಿತು. ಅದೇ ಸಂಜೆ ಖಾದರ್ ಬಂದ. ಒಬ್ಬ ಸತ್ತಿದ್ದರಿಂದ ಪರ್ಮಿಷನ್ನಿನ ಕಾಗದ ಬೇಗ ಓಡಿತ್ತು. ಎರಡು ಗುಡ್ಡಕ್ಕೂ ಬೇರೆ ಬೇರೆ ದಾರಿ ಸಿಕ್ಕಿದೆ, ಆಚೆಯ ಕಂಬದ ಮುಖ ತಿರುಗಿಸಲು ಮಧ್ಯಾಹ್ನವೇ ನನ್ನ ಹುಡುಗರನ್ನು ಆ ಗುಡ್ಡದಲ್ಲಿ ಸಿದ್ಧವಾಗಿ ನಿಲ್ಲಿಸಿದ್ದೇನೆ, ಹೂಂ ಅಂದರೆ ಇವತ್ತೇ ಎರಡೂ ಕಡೆ ಬದಲಾಗುತ್ತದೆ ಎಂದ. ಇಂಜಿನಿಯರೂ ಈಗ ಸೆಟ್ಟು ಕೊಡಲು ಒಪ್ಪಿದ್ದರು.

ನಾವು ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದೆವು. ನಾನು ಹೇಳಿದೆ, “ಒಂದು ದಿನ ತಡಿ ಖಾದರ್. ನಾಳೆ ಬೆಳಗ್ಗೆ ಖಂಡಿತ ಬರ್ತಾರೆ ಅವರು. ಕ್ಯಾತಣ್ಣನ್ನ ಕರ್ಕೊಂಡು ಬಂದು ವಿಂಚಿನ ಹತ್ರ ಕೂರಿಸ್ತೀನಿ. ಮೊಬೈಲಲ್ಲೂ ಹಿಡೀತೀನಿ. ಆಮೇಲೆ ಬದಲಾಯಿಸು.”

ಖಾದರ್ ನನ್ನನ್ನು ನೋಡಲಿಲ್ಲ, ಭಾವನನ್ನು ನೋಡಿದ. “ಆಗ್ಲಿ ಅಂದ್ರೆ ನಾಳೆ ಬರ್ತೀನಿ ಅಣ್ಣ. ಬದಲಾಯಿಸಿದ್ಮೇಲೆ ಮಾತ್ರ ಅವರ ದನಿ ಈ ಕಡೆ ಬರಲ್ಲ. ನಾನು ಮಾಡಿದ ಕೆಲಸ ಹಂಗಿರ್ತದೆ.”

“ನಾಳೆ ಬೆಳಗ್ಗೆ ಕೆಲಸ ಐತಾ?” ಭಾವ ಕೇಳಿದರು.

“ಐತೆ” ಎಂದೆ. “ಸಾಹೇಬ್ರು ನಿಲ್ಸಲ್ಲ. ಬಿಸಿಲೇರೋವರೆಗೆ ತಡೀರಿ ಅಂದೆ, ಕೇಳಲಿಲ್ಲ.”

“ಮೇಲೆ ಯಾರವನೆ?”

“ಪರಶುರಾಂಪುರದೋನು.”

“ಮದುವೆ ಆಗೈತಾ ಅವನಿಗೆ?”

ನನಗೆ ಗೊತ್ತಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಿದ್ದಳು. ಭಾವ ಊರಿನ ಕಡೆ ನೋಡಿದರು. ಸಂಜೆ ಒಲೆಗಳ ಹೊಗೆ ಎದ್ದಿತ್ತು. ಎದ್ದು, ಮಾಳಿಗೆಗಳ ಮೇಲೆ ಸ್ವಲ್ಪ ನಿಂತು, ಬಾಗತೊಡಗಿತ್ತು.

“ಹಾಕ್ಬಿಡಪ್ಪ” ಎಂದರು ಖಾದರ್‌ಗೆ. “ಇವತ್ತೇ ಹಾಕು.”

“ಭಾವ, ಒಂದು ಬೆಳಗ್ಗೆ ಅಷ್ಟೇ” ಎಂದೆ.

“ನನಗೆ ಸಾಕ್ಷಿ ಆಗೋ ಬೆಳಗ್ಗೇನೇ ಅವನನ್ನ ಕೊಲ್ಲೋ ಬೆಳಗ್ಗೆ ಕಣೋ. ಬೇರೆ ಬೇರೆ ಬೆಳಗ್ಗೆ ಎಲ್ಲಿ ತರ್ಲಿ?”

ಖಾದರ್ ಆಚೆಯ ಹುಡುಗರಿಗೆ ಫೋನು ಮಾಡಿ, ನಮ್ಮ ಗುಡ್ಡ ಹತ್ತಿದ. ಇಳಿದು ಬಂದು ರಾತ್ರಿಯಿಡೀ ಕೂತು ನಮ್ಮ ಸೆಟ್ಟುಗಳನ್ನೆಲ್ಲ ಒಂದೊಂದಾಗಿ ತಂತಿಗೆ ಸಿಕ್ಕಿಸಿ ಹೊಸ ದಾರಿ, ಹೊಸ ಕೂಗು ತುಂಬಿದ. ಒಂದು ಸೆಟ್ಟನ್ನು ಮಾತ್ರ ಹಳೆಯ ದಾರಿಯಲ್ಲೇ ಬಿಡು ಎಂದು ನಾನು ಕೇಳಿಕೊಂಡೆ. ಬಿಟ್ಟ.

ಮಾರನೆಯ ಬೆಳಗ್ಗೆ ನಾನು ಹೇಳಿದ ಹಾಗೆಯೇ ಚಳಿ ಇಳಿದಿತ್ತು. ಊರಿನ ಮೇಲೆ ಹೊಗೆ ಹಾಸಿಕೊಂಡು ಅಲ್ಲಾಡದೆ ನಿಂತಿತ್ತು. ನಾನು ವಿಂಚಿನ ಬಯಲಲ್ಲಿ ಹಳೆಯ ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕೂತೆ. ಪಲ್ಯದ ಮಾತಿಲ್ಲ, ಲಾಗು ಇಲ್ಲ, ಉದ್ದನೆಯ ಬಾಲವಿಲ್ಲ. ಗುಡ್ಡದ ಆಚೆ ಪರಶುರಾಂಪುರದವನು ಹತ್ತಿ, ಕೆಲಸ ಮಾಡಿ, ಇಳಿದ. ಆ ಚಳಿಗಾಲ ಮುಗಿಯುವವರೆಗೂ ಹೊಗೆ ಮಲಗಿದ ಬೆಳಗ್ಗೆಗಳಲ್ಲಿ ನಾನು ಹಾಗೆ ಕೂತೆ. ಖಾದರ್ ಮಾಡಿದ ಕೆಲಸ ಹಾಗೇ ಇತ್ತು, ಒಂದು ಉಸಿರೂ ಈಚೆ ದಾಟಲಿಲ್ಲ.

ವಿಚಾರಣೆಯ ಸಾಹೇಬರು ಬಂದರು, ಸೆಟ್ಟು ಹಿಡಿದು ಕೇಳಿದರು, ಏನೂ ಕೇಳಿಸಲಿಲ್ಲ. ಖಾದರ್ ಹಳೆಯ ಸ್ಥಿತಿ ಹೇಗಿತ್ತೆಂದು ಮೊದಲಿಂದ ಹೇಳಿದ. ಅವರು ತಲೆದೂಗಿದರು. ವಿಂಚ್ ನಡೆಸುವವನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಭಾವನನ್ನು ಕೆಲಸದಿಂದ ತೆಗೆದರು. ಆ ಸೆಕ್ಷನ್ ಮುಗಿಸಿಕೊಟ್ಟು ನಾನೂ ಆ ಗ್ಯಾಂಗು ಬಿಟ್ಟೆ. ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ಹೋದ ತಿಂಗಳು ನಾನು ಬಸ್ಸು ಹಿಡಿದದ್ದು ಅಕ್ಕನ ಮನೆಗೆ. ದೇವಸಮುದ್ರದಲ್ಲಿ ಇಳಿದಾಗ ಭಾವ ಕೆರೆ ಅಂಗಳದಲ್ಲಿದ್ದಾರೆ ಎಂದರು. ಮತ್ತೆ ಕುರಿ ಕಟ್ಟಿಕೊಂಡು ಬಹಳ ಕಾಲವಾಯಿತು. ನಾವು ಎಳೆದ ತಂತಿಯ ಕೆಳಗೇ ನಡೆದು ಹೋದೆ.

ಕೆರೆಯ ಒಂದಿಷ್ಟು ನೀರಿನ ಸುತ್ತ ಎರಡು ಹಿಂಡು ಸೇರಿ ಒಂದಾಗಿದ್ದವು. ಒಂದು ಭಾವನದು. ಇನ್ನೊಂದು ಕ್ಯಾತಣ್ಣನದು. ಮುದುಕನಾಗಿದ್ದಾನೆ, ಕೋಲು ಊರಿಕೊಂಡು ಒಂದು ದಡದಲ್ಲಿದ್ದ. ಭಾವ ಎದುರು ದಡದಲ್ಲಿದ್ದರು. ಅವರಿಬ್ಬರ ನಡುವೆ ಮಾತಿಲ್ಲ, ಅಂದಿನಿಂದಲೂ ಇಲ್ಲ. ಕ್ಯಾತಣ್ಣ ತನ್ನ ಕೂಗು ಹಾಕಿದ. ಅವನ ಕುರಿಗಳು ಒಂದೊಂದಾಗಿ ಬೇರ್ಪಟ್ಟು ಅವನ ಹಿಂದೆ ಹೊರಟವು. ಭಾವ ಬಾಯಿ ತೆಗೆಯಲಿಲ್ಲ. ಆ ಹಿಂಡಿನ ಕೊನೆಯ ಮರಿಯೂ ಏರಿ ಹತ್ತಿ ಮರೆಯಾಗುವವರೆಗೆ ಕೈಕಟ್ಟಿ ನಿಂತಿದ್ದರು. ಉಳಿದವು ಅವರವು. ಕೂಗುವ ಅಗತ್ಯವೇ ಬೀಳಲಿಲ್ಲ.

“ಭಾವ” ಎಂದೆ, ಹಿಂದಿನಿಂದ.

ಅವರು ತಿರುಗಲಿಲ್ಲ. ಕಿವಿ ಮಂದವಾಗಿಲ್ಲ, ನನಗೆ ಗೊತ್ತು. ಜುಂಜಣ್ಣನನ್ನು ಮಣ್ಣು ಮಾಡಿದ ವರ್ಷವೇ ಭಾವ ಮನೆಯಲ್ಲೂ ಊರಲ್ಲೂ ಹೇಳಿಬಿಟ್ಟಿದ್ದರು, ಇನ್ನು ಮೇಲೆ ನನ್ನನ್ನು ಯಾರೇ ಆಗಲಿ ಹೆಸರು ಹಿಡಿದೇ ಕರೀರಿ, ಇಲ್ಲದಿದ್ದರೆ ನಾನು ಓ ಅನ್ನಲ್ಲ ಎಂದು. ಮೊಮ್ಮಕ್ಕಳು ಕರೆಯುತ್ತಾರೆ. ಅಂಗಡಿಯವನು ಕರೆಯುತ್ತಾನೆ. ಅಕ್ಕ ಈಗಲೂ ಕರೆಯಲಾರದೆ ಹತ್ತಿರ ಹೋಗಿ ಹೆಗಲು ಮುಟ್ಟುತ್ತಾಳೆ. ನಾನೂ ಇಷ್ಟು ವರ್ಷ ಹೆಗಲು ಮುಟ್ಟಿಯೇ ಮಾತಾಡಿಸಿದವನು.

ಅಂದು ನಮ್ಮಿಬ್ಬರ ಮಧ್ಯೆ ಕೆಸರಿತ್ತು.

“ಪಾಲಯ್ಯ” ಎಂದೆ.

ಅವರು ತಿರುಗಿದರು. “ಹೂಂ” ಎಂದರು. “ಹೇಳು.”